ಮಂಚದ ಪಟ್ಟಿಯಿಂದ ಬೇಸ್ ಗಿಟಾರ್

ಬೇಸ್ ಗಿಟಾರ್ ಮಾಡೋಣ ಅಂತ ನಮ್ಮ ಶೆಡ್‌ನಲ್ಲಿ ಮೊದಲು ಬಾಯಿಬಿಟ್ಟವನು ನಾನಲ್ಲ. ನಮ್ಮಲ್ಲೊಬ್ಬ ಆರ್ಕೆಸ್ಟ್ರಾದಲ್ಲಿ ಬೇಸ್, ಅಂದರೆ ನಾಲ್ಕು ದಪ್ಪ ತಂತಿಯ ತಗ್ಗು ಸ್ವರದ ಗಿಟಾರ್, ನುಡಿಸುತ್ತಾನೆ. ಗಣೇಶನ ಹಬ್ಬ, ಅಣ್ಣಮ್ಮನ ಉತ್ಸವ, ಆಮೇಲೆ ನವೆಂಬರ್ ಪೂರ್ತಿ ರಾಜ್ಯೋತ್ಸವ. ಸೀಸನ್ ಬಂತು ಅಂದರೆ ಆಸಾಮಿ ಕೈಗೇ ಸಿಗುವುದಿಲ್ಲ. ಉಳಿದ ದಿನ ನಮ್ಮ ಜತೆ ಮರದ ಕೆಲಸ. ಅವನ ಹಳೇ ಬೇಸ್‌ನ ನೆಕ್ (ಎಡಗೈ ಹಿಡಿಯುವ ಉದ್ದ ಕತ್ತು) ತಿರುಚಿಕೊಂಡು, ಒಂದು ಕಡೆ ತಂತಿ ಮೇಲೆದ್ದು, ಇನ್ನೊಂದು ಕಡೆ ಫ್ರೆಟ್‌ಗೆ (ನೆಕ್ ಮೇಲಿನ ಅಡ್ಡ ಲೋಹದ ಮೆಟ್ಟಿಲು) ಬಡಿಯುತ್ತಿತ್ತು. "ಇನ್ನೊಂದು ತಗೊಳ್ಳೋ ಬದಲು ನಾವೇ ಯಾಕೆ ಮಾಡಬಾರದು ಗುರು?" ಅಂದ. ಊಟದ ಮೇಜು, ಪುಸ್ತಕದ ಕಪಾಟು ಮಾಡಿ ಮಾಡಿ ನನಗೂ ಸಾಕಾಗಿತ್ತು. ಮರ ನಾನು ನೋಡಿಕೊಳ್ಳುತ್ತೇನೆ, ನುಡಿಸೋದು ನೀನು ನೋಡಿಕೋ ಅಂತ ಮಾತಾಯಿತು.

ಶೆಡ್ ಇರುವುದು ಕೆಂಗೇರಿಯ ಆಚೆ. ಬಾಡಿಗೆ, ಕರೆಂಟ್ ಬಿಲ್ಲು ಎಲ್ಲ ಹಂಚಿಕೊಳ್ಳುತ್ತೇವೆ. ಮೆಷಿನ್‌ಗಳು ಯಾರದೋ ಒಬ್ಬರದು, ಬಳಸುವುದು ಎಲ್ಲರೂ. ನಮ್ಮಲ್ಲಿ ಹೆಚ್ಚಿನವರು ವಾರವಿಡೀ ಕಂಪ್ಯೂಟರ್ ಮುಂದೆ ಕೂತು ಶನಿವಾರಕ್ಕೆ ಕಾಯುವವರು. ಒಬ್ಬರು ಮಾತ್ರ ಬೇರೆ. ಬಾಗಿಲು, ಕಿಟಕಿ, ಮಂಟಪ ಮಾಡಿಕೊಂಡೇ ಬಂದ ಆಚಾರ್ರು. ಅವರಿಂದ ಬಾಡಿಗೆ ತಗೊಳ್ಳಲ್ಲ. ಬದಲಿಗೆ ಅವರು ನಮ್ಮನ್ನು ಬೈಯುತ್ತಾರೆ. ಇದರಲ್ಲಿ ಲಾಭ ನಮಗೇ ಜಾಸ್ತಿ.

ನಿಯಮಗಳು ಹೆಚ್ಚಿಲ್ಲ. ಮೊಂಡಾದ ಉಳಿಯನ್ನು ಹಾಗೇ ವಾಪಸ್ ಇಟ್ಟವನು ಎಲ್ಲರಿಗೂ ಟೀ ಕೊಡಿಸಬೇಕು. ಸಂಜೆ ಏಳರ ನಂತರ ರೌಟರ್ (ಮರ ಕೊರೆಯುವ ಮೆಷಿನ್) ಓಡಿಸುವಂತಿಲ್ಲ, ಪಕ್ಕದ ಮನೆಯಲ್ಲಿ ಓದೋ ಮಕ್ಕಳಿದ್ದಾರೆ. ಮೂರನೆಯದು ಮುಖ್ಯ: ಯಾರೇ ಟೆಂಪ್ಲೇಟ್ ಅಥವಾ ಜಿಗ್ (ಕುಯ್ಯುವಾಗ ಮರವನ್ನು ಸರಿಯಾದ ಜಾಗದಲ್ಲಿ ಹಿಡಿಯುವ ಚೌಕಟ್ಟು) ಮಾಡಲಿ, ಅದರ ಮೇಲೆ ಅಳತೆ ಬರೆದು ಗೋಡೆಗೆ ನೇತುಹಾಕಬೇಕು. ಮನೆಗೆ ಒಯ್ಯುವಂತಿಲ್ಲ.

ಯಾವ ಬೇಸ್ ಮಾಡೋದು ಅನ್ನುವುದಕ್ಕೆ ಚರ್ಚೆ ಬೇಕಾಗಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಲಿಯೋ ಫೆಂಡರ್ ಹೊರತಂದ ಪ್ರಿಸಿಷನ್ ಬೇಸ್‌ನ ಮಾದರಿ. ಅದಕ್ಕೂ ಮೊದಲು ಎಲೆಕ್ಟ್ರಿಕ್ ಬೇಸ್ ಮಾಡಲು ಹೊರಟವರು ಇದ್ದರು, ಆದರೆ ಜಗತ್ತಿನ ಕೈಗೆ ತಲುಪಿದ್ದು ಇದೇ. ಮರಗೆಲಸದವನ ಕಣ್ಣಿಗೆ ಈ ವಿನ್ಯಾಸ ತುಂಬಾ ಇಷ್ಟವಾಗುತ್ತದೆ. ಫೆಂಡರ್ ರೇಡಿಯೋ ರಿಪೇರಿ ಮಾಡುತ್ತಿದ್ದ ಮನುಷ್ಯ, ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಹಾಗಾಗಿಯೋ ಏನೋ, ಪಿಟೀಲು ಮಾಡುವವರ ಹಾಗೆ ಯೋಚಿಸಲಿಲ್ಲ. ಒಂದು ಚಪ್ಪಟೆ ಹಲಗೆ ಬಾಡಿ, ಇನ್ನೊಂದು ಚಪ್ಪಟೆ ಹಲಗೆ ನೆಕ್, ನಡುವೆ ನಾಲ್ಕು ಸ್ಕ್ರೂ. ಹಾಳಾದರೆ ಬಿಚ್ಚಿ ಬೇರೆ ಹಾಕು. ನಮ್ಮಂಥ ಹವ್ಯಾಸಿಗಳಿಗೆ ಇದಕ್ಕಿಂತ ಒಳ್ಳೇ ದಾರಿ ಬೇಡ.

ಬೇಸ್‌ನ ಬಾಡಿ ಮಾಡಲು ಅಮೆರಿಕದಲ್ಲಿ ಆಲ್ಡರ್, ಆ್ಯಶ್ ಮರ ಬಳಸುತ್ತಾರೆ. ನಾವು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಲ್ಲಿ ಅಂಗಡಿ ಅಂಗಡಿ ಅಲೆದೆವು. ತೇಗ ಚೆನ್ನಾಗಿತ್ತು, ಆದರೆ ಭಾರ. ರಾತ್ರಿಯಿಡೀ ಹೆಗಲಿಗೆ ಹಾಕಿಕೊಂಡು ನಿಲ್ಲುವವನು ಅವನು, ನಾನಲ್ಲ. ಹಲಸು ವೀಣೆಗೆ, ಮೃದಂಗಕ್ಕೆ ಹೆಸರಾದ ಮರ, ಅದರ ಮೇಲೆ ಆಸೆಯೂ ಇತ್ತು. ಅಲ್ಲಿ ಸಿಕ್ಕಿದ್ದು ಹಸಿ. ಕಾಫಿ ತೋಟದಿಂದ ಬಂದ ಸಿಲ್ವರ್ ಓಕ್ ಅಗ್ಗ, ನೋಡಲೂ ಚೆಂದ. ಆಚಾರ್ರು ಒಂದು ಹಲಗೆ ಎತ್ತಿ ಬದಿಯಿಂದ ಕಣ್ಣು ಹಾಯಿಸಿ "ಇದು ತಿರುಚ್ಕೊಂಡು ನಿಮ್ಮನ್ನೇ ನೋಡ್ತೈತೆ" ಅಂತ ಕೆಳಗಿಟ್ಟರು. ಕೊನೆಗೆ ಶಿವನಿ ತಗೊಂಡೆವು. ಹಗುರ, ತಿಳಿ ಬಣ್ಣ, ಒಣಗಿದ ಮೇಲೆ ಅಲುಗಾಡದ ಮರ. ಉಳಿಗೂ ಬೇಗ ಬಗ್ಗುತ್ತದೆ.

ನೆಕ್‌ಗೆ ಮಾತ್ರ ಆಮದು ಮೇಪಲ್. ಇದರಲ್ಲಿ ನಾನು ಹಟ ಬಿಡಲಿಲ್ಲ. ನಾಲ್ಕು ತಂತಿ ಶ್ರುತಿಗೆ ಬಂದಾಗ ನೆಕ್ ಮೇಲೆ ಬೀಳುವ ಎಳೆತ ಸುಮಾರು 75–80 ಕೆಜಿ. ಅದೂ ಒಂದೆರಡು ದಿನ ಅಲ್ಲ, ವರ್ಷಗಟ್ಟಲೆ. ಅಗಲವಾದ ಹಲಗೆಯಲ್ಲಿ ಎಳೆ ನೇರವಾಗಿ, ಅಂಚಿನಿಂದ ನೋಡಿದರೆ ಗೆರೆಗಳು ನಿಂತಂತೆ ಇರುವ ಭಾಗವನ್ನು ಹುಡುಕಿ ಕುಯ್ಸಿಕೊಂಡು ಬಂದೆ. ಅಂಗಡಿಯವರಿಗೆ ನನ್ನ ಮೇಲೆ ಸಿಟ್ಟು ಬಂದಿರಬೇಕು. ಇಡೀ ರಾಶಿ ಇಳಿಸಿದ್ದೆ.

ನೆಕ್ ಮೇಲೆ ಅಂಟಿಸುವ, ಬೆರಳು ಓಡಾಡುವ ಪಟ್ಟಿ, ಅಂದರೆ ಫಿಂಗರ್ ಬೋರ್ಡ್‌ಗೆ ಬೀಟೆ. ಜಗತ್ತಿನ ಗಿಟಾರ್ ಕಾರ್ಖಾನೆಗಳೆಲ್ಲ 'ಇಂಡಿಯನ್ ರೋಸ್‌ವುಡ್' ಅಂತ ತರಿಸಿಕೊಳ್ಳುವುದು ನಮ್ಮ ಪಶ್ಚಿಮ ಘಟ್ಟದ ಬೀಟೆಯನ್ನೇ. ಇಲ್ಲಿಯೇ ಬೆಳೆದರೂ ಸುಮ್ನೆ ಹೋಗಿ ತರುವ ಮರ ಅಲ್ಲ ಅದು. ಕಡಿಯಲು ಅನುಮತಿ, ಸಾಗಿಸಲು ಅರಣ್ಯ ಇಲಾಖೆಯ ಪಾಸು. ಆಚೆ ಕಡೆ ಅಂತಾರಾಷ್ಟ್ರೀಯ ನಿಯಮವೂ ಇದೆ. 2017ರಲ್ಲಿ ಬೀಟೆಯ ಇಡೀ ಕುಲವೇ ಸೈಟಿಸ್ (ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರ ನಿಯಂತ್ರಿಸುವ) ಒಪ್ಪಂದದ ಪಟ್ಟಿಗೆ ಸೇರಿ, ಗಿಟಾರ್ ಹಿಡಿದು ದೇಶ ದಾಟುವವರೂ ಪರದಾಡಿದ್ದರು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನಮಗೆ ಈ ತಲೆನೋವು ಬರಲಿಲ್ಲ. ಬೇಸ್ ನುಡಿಸುವ ಗೆಳೆಯನ ಅಜ್ಜಿ ಮನೆ ಕೊಪ್ಪದ ಹತ್ತಿರ. ಅಲ್ಲಿ ಅಟ್ಟದ ಮೇಲೆ ಕಾಲು ಮುರಿದ ಹಳೇ ಬೀಟೆ ಮಂಚ ಇತ್ತು. ಅದರ ಉದ್ದದ ಪಟ್ಟಿ ಒಂದನ್ನು ಅವರ ಮಾವ ಖುಷಿಯಿಂದಲೇ ಕೊಟ್ಟರು.

ಫಿಂಗರ್ ಬೋರ್ಡ್‌ಗೆ ಬೇಕಿರುವುದು 70 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲ, 6–7 ಮಿ.ಮೀ. ದಪ್ಪದ ತುಂಡು ಅಷ್ಟೇ. ಮಂಚದ ಪಟ್ಟಿಯಲ್ಲಿ ಅಂಥವು ಹಲವು ಬರುತ್ತವೆ. ಮೇಲಿನ ಕಪ್ಪು ಪಾಲಿಶ್, ಎಣ್ಣೆ ಜಿಡ್ಡು ಎಲ್ಲ ಹತ್ತರಿ ಹೊಡೆದು ತೆಗೆದಾಗ ಒಳಗಿನ ನೇರಳೆ ಬಣ್ಣ ಬಂತು, ಜತೆಗೆ ಬೀಟೆಯ ಆ ಸಿಹಿ ವಾಸನೆ. ಮೂರು ತಲೆಮಾರು ಒಣಗಿದ ಮರ. ಇಷ್ಟು ಒಣಗಿದ್ದನ್ನು ದುಡ್ಡು ಕೊಟ್ಟರೂ ತರಲಾಗಲ್ಲ. ಒಂದು ಮಾತು: ಬೀಟೆಯ ಧೂಳು ಚರ್ಮಕ್ಕೂ ಉಸಿರಿಗೂ ಆಗಿಬರುವುದಿಲ್ಲ. ಮಾಸ್ಕ್ ಹಾಕದೆ ಉಜ್ಜಬೇಡಿ. ನಮ್ಮಲ್ಲಿ ಒಬ್ಬನಿಗೆ ಮೊಣಕೈವರೆಗೆ ತುರಿಕೆ ಎದ್ದಿತ್ತು.

ಮರ ತಂದ ಮೇಲೆ ಕಾಯಬೇಕು. ನಡುವೆ ಪಟ್ಟಿ ಕೊಟ್ಟು, ಗಾಳಿ ಆಡುವ ಹಾಗೆ ಪೇರಿಸಿಟ್ಟು ಇಡೀ ಮಳೆಗಾಲ ಕಳೆದೆವು. ಗೆಳೆಯನಿಗೆ ತಾಳ್ಮೆ ಇರಲಿಲ್ಲ, ಬಂದಾಗಲೆಲ್ಲ ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದ.

ಈಗ ಅಸಲಿ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಬೇಸ್‌ನ ಬಾಡಿ ಪೀಠೋಪಕರಣ. ಸ್ಟೂಲ್ ಮಾಡಲು ಬರುವವನು ಬಾಡಿ ಮಾಡಬಲ್ಲ. ನೆಕ್ ಒಂದೇ ವಾದ್ಯ. ಅರ್ಧ ಮಿ.ಮೀ. ಹೆಚ್ಚುಕಮ್ಮಿ ಆದರೆ ಮೇಜಿನಲ್ಲಿ ಯಾರಿಗೂ ಗೊತ್ತಾಗಲ್ಲ, ನೆಕ್‌ನಲ್ಲಿ ನುಡಿಸುವವನಿಗೆ ಮೊದಲ ನಿಮಿಷಕ್ಕೇ ಗೊತ್ತಾಗುತ್ತದೆ. ಆದ್ದರಿಂದ ನೆಕ್ ಮೊದಲು. ಅದು ಸರಿ ಬಂದರೆ ಮುಂದಕ್ಕೆ, ಇಲ್ಲದಿದ್ದರೆ ಶಿವನಿ ಹಲಗೆಯಲ್ಲಿ ಟೀಪಾಯಿ ಅಂತ ತೀರ್ಮಾನಿಸಿದ್ದೆವು.

ಮೇಪಲ್ ತುಂಡನ್ನು ಮೊದಲು 25 ಮಿ.ಮೀ. ದಪ್ಪಕ್ಕೆ ತಂದು, ಒಂದು ಮುಖ ಪೂರ್ತಿ ಮಟ್ಟ ಮಾಡಬೇಕು. ಆ ಮುಖ ಚೌಕವಾಗಿರುವಾಗಲೇ, ಅಂದರೆ ಆಕಾರ ಕತ್ತರಿಸುವ ಮೊದಲೇ, ನಟ್ಟನಡುವೆ ಟ್ರಸ್ ರಾಡ್‌ಗೆ ಕಾಲುವೆ ಕೊರೆಯಬೇಕು. ಟ್ರಸ್ ರಾಡ್ ಅಂದರೆ ನೆಕ್ ಒಳಗೆ ಅಡಗಿ ಕೂರುವ ಕಬ್ಬಿಣದ ಸರಳು. ತುದಿಯ ನಟ್ ತಿರುಗಿಸಿದರೆ ತಂತಿಯ ಎಳೆತಕ್ಕೆ ಎದುರಾಗಿ ನೆಕ್ಕನ್ನು ಹಿಂದಕ್ಕೆ ಬಾಗಿಸುತ್ತದೆ. ನಾವು ತರಿಸಿದ್ದು ಎರಡೂ ಕಡೆಗೆ ಬಾಗಿಸುವಂಥದ್ದು. 6 ಮಿ.ಮೀ. ಅಗಲದ ಕಾಲುವೆ, ಒಂದೇ ಸಲಕ್ಕೆ ಇಳಿಸದೆ ಸ್ವಲ್ಪ ಸ್ವಲ್ಪವಾಗಿ. ಸರಳು ಕಾಲುವೆಯಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಕೂರಬೇಕು, ಅಲುಗಿಸಿದರೆ ಗಲಗಲ ಅನ್ನಬಾರದು. ಸಡಿಲವಾದರೆ ಮುಂದೆ ಯಾವುದೋ ಒಂದು ಸ್ವರಕ್ಕೆ ಒಳಗಿಂದ ಝೇಂಕರಿಸುತ್ತದೆ. ಆಮೇಲೆ ಬಿಚ್ಚಲು ಬರುವುದಿಲ್ಲ.

ಫ್ರೆಟ್ ಗೆರೆಗಳ ದಿನ ಇಡೀ ಶೆಡ್ ನನ್ನ ಬೆಂಚಿನ ಸುತ್ತ ಸೇರಿತ್ತು. ಬೇಸ್‌ನಲ್ಲಿ ನಟ್‌ನಿಂದ (ರಾಡಿನ ನಟ್ ಅಲ್ಲ, ನೆಕ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ಕಚ್ಚುಗಳ ಪಟ್ಟಿ) ಬ್ರಿಜ್‌ವರೆಗೆ (ಬಾಡಿಯ ಮೇಲೆ ತಂತಿಯನ್ನು ಹೊರುವ ಭಾಗ) ತಂತಿಯ ಉದ್ದ 34 ಇಂಚು, ಅಂದರೆ 863.6 ಮಿ.ಮೀ. ಇದನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್‌ನ ದೂರ, 48.47 ಮಿ.ಮೀ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಹೀಗೇ ಮಾಡಿಕೊಂಡು ಹೋದರೆ 12ನೆಯದು ಸರಿಯಾಗಿ ಅರ್ಧಕ್ಕೆ, 431.8ಕ್ಕೆ ಬರುತ್ತದೆ. ಲೆಕ್ಕ ಹೀಗೆ ಹಾಕಿದರೂ ಗುರುತು ಹಾಕುವಾಗ ಪ್ರತಿ ಫ್ರೆಟ್ಟನ್ನೂ ನಟ್‌ನಿಂದಲೇ ಅಳೆಯಬೇಕು. ಹಿಂದಿನ ಫ್ರೆಟ್‌ನಿಂದ ಅಳೆಯುತ್ತಾ ಹೋದರೆ ಕೂದಲೆಳೆಯಷ್ಟು ತಪ್ಪು ಕೂಡಿ ಕೂಡಿ 20ನೇ ಫ್ರೆಟ್ ಹೊತ್ತಿಗೆ ಅಪಸ್ವರ ಗ್ಯಾರಂಟಿ.

ಆಚಾರ್ರು ಕನ್ನಡಕ ಹಾಕಿಕೊಂಡು ನನ್ನ ಹಾಳೆ ನೋಡಿದರು. "ಸ್ವರಾನ ಲೆಕ್ಕ ಹಾಕಿ ಕುಯ್ತೀರಾ?" ಅಂದರು. ಅವರಿಗೆ ಗೊತ್ತಿದ್ದದ್ದು ವೀಣೆ. ಅದರಲ್ಲಿ 24 ಮೆಟ್ಟಿಲುಗಳನ್ನು ಮೇಣದ ಮೇಲೆ ಕಿವಿಯಿಂದ ಕೇಳಿ ಕೇಳಿ ಕೂರಿಸುತ್ತಾರೆ, ಸರಿ ಇಲ್ಲದಿದ್ದರೆ ಎಬ್ಬಿಸಿ ಮತ್ತೆ ಕೂರಿಸಬಹುದು. ಇಲ್ಲಿ ಒಂದು ಸಲ ಗರಗಸ ಇಳಿದರೆ ಮುಗಿಯಿತು.

ನಾನು ಮಾಡಿದ್ದು ಇಷ್ಟು. ಎಲ್ಲ ಅಳತೆಯನ್ನೂ ಕಂಪ್ಯೂಟರ್‌ನಲ್ಲಿ ಬರೆದು, ಲೇಸರ್‌ನಿಂದ ಅಕ್ರಿಲಿಕ್ ಕತ್ತರಿಸುವ ಅಂಗಡಿಯಲ್ಲಿ ಬದಿಗೆ ಕಚ್ಚುಗಳಿರುವ ಉದ್ದ ಪಟ್ಟಿ ಮಾಡಿಸಿಕೊಂಡೆ. ಬೋರ್ಡ್ ಅದಕ್ಕೆ ಅಂಟಿಸಿ, ಕಚ್ಚು ಒಂದು ಪಿನ್ನಿಗೆ ಸಿಕ್ಕಿಕೊಳ್ಳುವ ಹಾಗೆ ಜಿಗ್‌ನಲ್ಲಿ ಇಟ್ಟು, 0.6 ಮಿ.ಮೀ. ಸೀಳು ಬಿಡುವ ತೆಳು ಗರಗಸದಿಂದ ಕುಯ್ಯುವುದು. ಒಂದು ಕುಯ್ದು, ಎತ್ತಿ, ಮುಂದಿನ ಕಚ್ಚಿಗೆ. ಬೀಟೆ ಗಟ್ಟಿ ಮರ, ಗರಗಸ ಅವಸರ ಮಾಡಿದರೆ ಬಾಯಿ ಸುಟ್ಟುಕೊಳ್ಳುತ್ತದೆ. ಸೀಳಿನಿಂದ ಬರುವ ಪುಡಿ ಕಾಫಿ ಪುಡಿಯಷ್ಟೇ ನಯ, ಅದೇ ಬಣ್ಣ. ಆ ಅಕ್ರಿಲಿಕ್ ಪಟ್ಟಿ ಈಗ ಗೋಡೆಯ ಮೇಲಿದೆ, '34 ಇಂಚು, ನಟ್‌ನಿಂದ' ಅಂತ ಬರೆದುಕೊಂಡು.

ಬೋರ್ಡನ್ನು ನೆಕ್‌ಗೆ ಅಂಟಿಸುವಾಗ ಒಂದು ಪೀಕಲಾಟ ಇದೆ. ಅಂಟು ಹಾಕಿ ಕ್ಲಾಂಪ್ ಬಿಗಿದರೆ ಬೋರ್ಡ್ ಜಾರುತ್ತದೆ. ಮಧ್ಯದ ಗೆರೆ ಅತ್ತಿತ್ತ ಹೋಯಿತು ಅಂದರೆ ಎಲ್ಲಾ ಹೋಯಿತು. ಆಚಾರ್ರು ಅಡುಗೆ ಡಬ್ಬಿಯಿಂದ ನಾಲ್ಕು ಹರಳು ಕಲ್ಲುಪ್ಪು ತರಿಸಿ, ಕುಟ್ಟಿ, ಅಂಟಿನ ಮೇಲೆ ಎರಡು ತುದಿಗೆ ಚಿಟಿಕೆ ಹಾಕಿದರು. ಉಪ್ಪಿನ ಹರಳು ಎರಡೂ ಮರಕ್ಕೆ ಕಚ್ಚಿಕೊಂಡು ಬೋರ್ಡ್ ಕದಲಲಿಲ್ಲ. ಸರಳಿನ ಕಾಲುವೆಯ ಹತ್ತಿರ ಮಾತ್ರ ಉಪ್ಪು ಬೇಡ, ತುಕ್ಕು ಹಿಡಿಯುತ್ತದೆ ಅಂತ ನಾನು ಗಲಾಟೆ ಮಾಡಿದೆ. ಕಾಲುವೆಯ ಮೇಲೆ ಟೇಪ್ ಹಚ್ಚಿ, ಅಂಟು ಬಳಿದು, ಕೊನೇ ಗಳಿಗೆಯಲ್ಲಿ ಟೇಪ್ ಕಿತ್ತರೆ ಅಂಟು ಒಳಗೆ ಇಳಿಯುವುದಿಲ್ಲ.

ಅಷ್ಟಕ್ಕೂ ಅವತ್ತು ಕ್ಲಾಂಪ್ ಸಿಗಲು ಜಗಳ ಆಗಿತ್ತು. ಹಂಚಿಕೊಂಡು ನಡೆಸುವ ವರ್ಕ್‌ಶಾಪ್‌ನಲ್ಲಿ ಜಾಗಕ್ಕಾಗಲೀ ಮೆಷಿನ್‌ಗಾಗಲೀ ಕಿತ್ತಾಟ ಬರಲ್ಲ, ಬರುವುದು ಕ್ಲಾಂಪ್‌ಗೆ. ಒಬ್ಬ ತನ್ನ ಅಕ್ಕನ ಮಗುವಿಗೆ ತೊಟ್ಟಿಲು ಮಾಡುತ್ತಿದ್ದ. ಉದ್ದದ ಕ್ಲಾಂಪ್‌ಗಳೆಲ್ಲ ತೊಟ್ಟಿಲಿಗೆ ಹೋಗಿದ್ದವು. "ನಿನ್ನ ಬೇಸ್ ತಡ ಆದರೆ ಏನೂ ಆಗಲ್ಲ, ಮಗು ತಡೀತಾ?" ಅಂದ. ಅದಕ್ಕೆ ಉತ್ತರ ಇರಲಿಲ್ಲ. ಅವತ್ತಿನಿಂದ ಕ್ಲಾಂಪ್‌ಗೆ ಸರದಿ ಪುಸ್ತಕ ಇಟ್ಟಿದ್ದೇವೆ.

ನೆಕ್‌ನ ಬೆನ್ನು ಕೆತ್ತುವ ಕೆಲಸವನ್ನು ಯೂಟ್ಯೂಬ್ ನೋಡಿ ಕಲಿಯಬಹುದು. ನನ್ನ ಹತ್ತಿರ ಆಚಾರ್ರು ಇದ್ದರು, ಹಾಗಾಗಿ ಬೇಕಾಗಲಿಲ್ಲ. ನಾನು ಮೊದಲ ಫ್ರೆಟ್ ಹತ್ತಿರ 21 ಮಿ.ಮೀ., 12ನೆಯದರ ಹತ್ತಿರ 23 ಅಂತ ಎರಡು ಕಡೆ ಅಳತೆಗೆ ಇಳಿಸಿ, ಕೋನಗಳನ್ನು ಹಂತ ಹಂತವಾಗಿ ಮುರಿದು ಇಟ್ಟಿದ್ದೆ. ಅವರು ಒರಟು ಅರ ತಗೊಂಡು ಎರಡನ್ನೂ ಸೇರಿಸಿದರು. ನಾಲ್ಕು ಸಲ ಅರ, ಒಂದು ಸಲ ಕಣ್ಣು ಮುಚ್ಚಿ ಅಂಗೈ ಹಾಯಿಸುವುದು. ಮತ್ತೆ ಅರ. ಗೆಳೆಯನನ್ನು ಕರೆದು ಹಿಡಿಸಿದರು. ಅವನು "ಸ್ವಲ್ಪ ದಪ್ಪ ಅನ್ನಿಸ್ತಿದೆ ಆಚಾರ್ರೇ" ಅಂದ. ಎಲ್ಲಿ ಅಂತ ಹೇಳಲು ಅವನಿಗೆ ಬರಲಿಲ್ಲ. ಅವರು ಐದನೇ ಫ್ರೆಟ್ಟಿನ ಹಿಂದೆ ಹೆಬ್ಬೆರಳು ಇಟ್ಟು "ಇಲ್ಲಿ" ಅಂದರು. ಪೆನ್ಸಿಲ್‌ನಿಂದ ಗೀಚಿ, ಗೀಚಿದ್ದು ಹೋಗುವಷ್ಟು ಮಾತ್ರ ಉಜ್ಜಿ ಕೊಟ್ಟರು. ಸರಿಯಾಯಿತು. ಜನ್ಮದಲ್ಲಿ ಬೇಸ್ ಮುಟ್ಟದ ಮನುಷ್ಯ, ಅಲ್ವಾ?

ಫ್ರೆಟ್ ತಂತಿ ನಿಕಲ್ ಸಿಲ್ವರ್‌ದು. ಬೆಳ್ಳಿ ಒಂದು ಗುಲಗಂಜಿಯೂ ಇಲ್ಲ, ತಾಮ್ರ, ನಿಕಲ್, ಸತು ಅಷ್ಟೇ. ಬೋರ್ಡನ್ನು ಮೊದಲು 9.5 ಇಂಚು ತ್ರಿಜ್ಯದ ಉಬ್ಬಿಗೆ ಉಜ್ಜಿ, ಫ್ರೆಟ್ಟನ್ನು ಅದಕ್ಕಿಂತ ತುಸು ಜಾಸ್ತಿ ಬಗ್ಗಿಸಿ, ಡ್ರಿಲ್ ಪ್ರೆಸ್‌ಗೆ ಅಚ್ಚು ಸಿಕ್ಕಿಸಿ ಒತ್ತಿದೆವು. ಸುತ್ತಿಗೆಯಿಂದಲೂ ಬಡಿಯಬಹುದು. ಒತ್ತಿದರೆ ತಲೆ ಜಜ್ಜುವುದಿಲ್ಲ. ಆಮೇಲೆ ಎಲ್ಲಾ ಫ್ರೆಟ್‌ಗಳ ತಲೆಗೆ ಮಾರ್ಕರ್ ಬಳಿದು, ನೇರವಾದ ಅಲ್ಯೂಮಿನಿಯಂ ಪಟ್ಟಿಗೆ ಸ್ಯಾಂಡ್ ಪೇಪರ್ ಅಂಟಿಸಿ ಉದ್ದಕ್ಕೆ ಎಳೆಯುವುದು. ಎತ್ತರದ ಫ್ರೆಟ್‌ನ ಮಸಿ ಮೊದಲು ಹೋಗುತ್ತದೆ. ಎಲ್ಲದರ ಮಸಿ ಒಂದೇ ಸಮ ಅಳಿಸಿದ ಮೇಲೆ ಅರದಿಂದ ಪ್ರತಿಯೊಂದರ ತಲೆಯನ್ನು ಮತ್ತೆ ದುಂಡಗೆ ಮಾಡಬೇಕು. ಇದು ಬೇಜಾರಿನ ಕೆಲಸ. ಹಾಡು ಹಾಕಿಕೊಂಡು ಮಾಡಿ.

ಬಾಡಿಯ ಬಗ್ಗೆ ಹೆಚ್ಚು ಹೇಳಲು ಇಲ್ಲ. ಎರಡು ಹಲಗೆ ಜೋಡಿಸಿ ಅಂಟಿಸು, 45 ಮಿ.ಮೀ. ದಪ್ಪಕ್ಕೆ ತಾ, ಎಂಡಿಎಫ್ ಟೆಂಪ್ಲೇಟ್ ಇಟ್ಟು ಗೆರೆ ಎಳೆ, ಬ್ಯಾಂಡ್ ಸಾದಲ್ಲಿ ಗೆರೆಯ ಹೊರಗೆ ಕುಯ್ಯಿ, ಬೇರಿಂಗ್ ಬಿಟ್ ಹಾಕಿದ ರೌಟರ್‌ನಿಂದ ಟೆಂಪ್ಲೇಟ್‌ವರೆಗೆ ತಾ. ನೆಕ್‌ನ ಎರಡೂ ಬದಿಗೆ ಬಾಡಿ ಚಾಚಿಕೊಳ್ಳುವ ಕೊಂಬಿನ ಹತ್ತಿರ ಎಳೆ ತಿರುಗುವ ಕಡೆ ರೌಟರ್ ದೊಡ್ಡ ಚಕ್ಕೆಯನ್ನೇ ಕಿತ್ತುಬಿಡಬಹುದು. ಅಲ್ಲಿ ಸ್ಯಾಂಡಿಂಗ್ ಡ್ರಮ್‌ನಲ್ಲಿ ಗೆರೆಯ ಹತ್ತಿರಕ್ಕೆ ತಂದು, ರೌಟರ್‌ಗೆ ಕಾಗದದಷ್ಟು ಮಾತ್ರ ಬಿಟ್ಟಿದ್ದೆ. ತೊಂದರೆ ಆಗಲಿಲ್ಲ. ಮೇಲಿನ ಕೊಂಬು 12ನೇ ಫ್ರೆಟ್‌ನವರೆಗೆ ಚಾಚಿಕೊಂಡಿರಲಿ. ಬೆಲ್ಟಿನ ಗುಂಡಿ ಅಲ್ಲಿ ಬಂದರೆ ಉದ್ದ ನೆಕ್ ನೆಲದ ಕಡೆ ಜೋಲುವುದು ಕಡಿಮೆ.

ಒಂದೇ ಒಂದು ಕಡೆ ಉಸಿರು ಬಿಗಿಹಿಡಿಯಬೇಕು: ನೆಕ್ ಕೂರುವ ಗೂಡು. 16 ಮಿ.ಮೀ. ಆಳ, ಬದಿಗಳು ನೆಕ್‌ನ ಅಡಿಗೆ ಅಂಟಿಕೊಂಡ ಹಾಗೆ. ನಮ್ಮದನ್ನು ಸ್ಕ್ರೂ ಇಲ್ಲದೆ ಸಿಕ್ಕಿಸಿ, ನೆಕ್ ಹಿಡಿದು ಎತ್ತಿದಾಗ ಬಾಡಿ ಕೆಳಗೆ ಬೀಳಲಿಲ್ಲ. ಕೂತವರೆಲ್ಲ ಚಪ್ಪಾಳೆ ತಟ್ಟಿದರು. ತೊಟ್ಟಿಲಿನವನೂ ತಟ್ಟಿದ.

ಬ್ರಿಜ್ ಎಲ್ಲಿ ಅನ್ನುವುದನ್ನು ಬಾಡಿಯ ಮಧ್ಯಗೆರೆ ನೋಡಿ ನಿರ್ಧರಿಸಬೇಡಿ. ನೆಕ್ ಸಿಕ್ಕಿಸಿದ ಮೇಲೆ ನಟ್‌ನ ಎರಡು ಹೊರ ಕಚ್ಚಿನಿಂದ ದಾರ ಎಳೆದು, ಬೋರ್ಡ್‌ನ ಎರಡೂ ಅಂಚಿನಿಂದ ದಾರ ಒಂದೇ ದೂರದಲ್ಲಿ ಇದೆಯಾ ನೋಡಿ. ಅಲ್ಲಿ ಬ್ರಿಜ್. ತೆಳು ತಂತಿಯ ಸ್ಯಾಡಲ್ (ಬ್ರಿಜ್ ಮೇಲೆ ಆ ತಂತಿ ಕೂರುವ ತುಂಡು) 34 ಇಂಚಿಗೆ ಹತ್ತಿರ, ದಪ್ಪ ತಂತಿಯದು ಕೆಲವು ಮಿ.ಮೀ. ಹಿಂದೆ ಬರುತ್ತದೆ. ಸ್ಯಾಡಲ್‌ಗೆ ಹಿಂದೆ ಸರಿಯಲು ಜಾಗ ಬಿಟ್ಟು ಸ್ಕ್ರೂ ಹಾಕಬೇಕು.

ವೈರಿಂಗ್ ನಮ್ಮ ಎಲೆಕ್ಟ್ರಾನಿಕ್ಸ್ ಮೇಡಂ ಪಾಲಿಗೆ ಬಂತು. ಅವರು ಶೆಡ್‌ಗೆ ಬರುವುದು ಸ್ಪೀಕರ್ ಡಬ್ಬ ಮಾಡಲು. ವಾಲ್ಯೂಮ್‌ಗೆ, ಟೋನ್‌ಗೆ ಅಂತ 250 ಕಿಲೋ ಓಮ್‌ನ ಎರಡು ಪಾಟ್ (ತಿರುಗಿಸುವ ಕಂಟ್ರೋಲ್), 0.047 ಮೈಕ್ರೋಫ್ಯಾರಡ್ ಕೆಪಾಸಿಟರ್, ಜ್ಯಾಕ್, ಎಲ್ಲ ಎಸ್.ಪಿ. ರೋಡಿನಲ್ಲಿ ಸಿಕ್ಕಿತು. ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿ ಬದಲಿಸುವ ಭಾಗ) ಮಾತ್ರ ತರಿಸಿದ್ದು, ಎರಡು ತುಂಡಾಗಿ ಹಿಂದೆ ಮುಂದೆ ಕೂರುವಂಥದ್ದು. ಫೆಂಡರ್ 1957ರಲ್ಲಿ ಈ ಪಿಕಪ್ ತಂದಿದ್ದರ ಹಿಂದಿನ ಜಾಣತನವನ್ನು ಮೇಡಂ ವಿವರಿಸಿದರು. ಎರಡು ಸುರುಳಿಗಳ ಸುತ್ತು ಉಲ್ಟಾ, ಆಯಸ್ಕಾಂತದ ಧ್ರುವವೂ ಉಲ್ಟಾ. ತಂತಿಯ ಸದ್ದು ಎರಡರಲ್ಲೂ ಒಂದೇ ದಿಕ್ಕಿಗೆ ಬರುತ್ತದೆ. ಹೊರಗಿನಿಂದ ನುಗ್ಗುವ ಕರೆಂಟಿನ ಗುಂಯ್ ಸದ್ದು ಮಾತ್ರ ಒಂದನ್ನೊಂದು ಹೊಡೆದುಹಾಕುತ್ತದೆ. ಗಣೇಶನ ಪೆಂಡಾಲಿನಲ್ಲಿ ಜನರೇಟರ್ ಪಕ್ಕ, ಸೀರಿಯಲ್ ಲೈಟ್ ಕೆಳಗೆ ನಿಂತು ನುಡಿಸುವವನಿಗೆ ಇದರ ಬೆಲೆ ಗೊತ್ತು. ಗೂಡಿನ ಒಳಗೆಲ್ಲ ತಾಮ್ರದ ಹಾಳೆ ಅಂಟಿಸಿ, ಬ್ರಿಜ್ ಕೆಳಗೆ ಒಂದು ಅರ್ತ್ ತಂತಿ ಎಳೆದರು.

ಆ ಎರಡು ಪಾಟ್‌ಗಳ ಗುಂಡಿಗಳನ್ನು ಕೊಂಡು ತರಲು ಲೇತ್ ಹುಡುಗ ಬಿಡಲಿಲ್ಲ. ಅವನು ಚನ್ನಪಟ್ಟಣಕ್ಕೆ ಹೋಗಿ ಗೊಂಬೆ ಮಾಡುವವರ ಹತ್ತಿರ ಅರಗು ಹಚ್ಚಲು ಕಲಿತು ಬಂದವನು. ಹಾಲೆ ಮರದ ತುಂಡನ್ನು ತಿರುಗಿಸಿ ಗುಂಡಿ ಮಾಡಿ, ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದ. ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತುತ್ತದೆ. ಆಮೇಲೆ ತಾಳೆಗರಿ ಹಿಡಿದರೆ ಕನ್ನಡಿ ಹೊಳಪು. ಒಂದು ಹಳದಿ, ಒಂದು ಕೆಂಪು. ಯಾಕೆ ಅಂತ ಯಾರೂ ಕೇಳಲಿಲ್ಲ.

ಬಾಡಿಯ ಮೇಲೆ ತೆಳುವಾಗಿ ಲ್ಯಾಕರ್, ನೆಕ್‌ನ ಬೆನ್ನಿಗೆ ಎಣ್ಣೆ ಮತ್ತು ಮೇಣ ಅಷ್ಟೇ. ದಪ್ಪ ಪಾಲಿಶ್ ಬಳಿದ ನೆಕ್ ನಮ್ಮ ಸೆಕೆಗೆ ಅಂಗೈಗೆ ಅಂಟುತ್ತದೆ.

ತಂತಿ ಹಾಕಿದ ಮೇಲೆ ಶುರುವಾಗುವುದು ಸೆಟಪ್. ತಂತಿಯನ್ನು ಮೊದಲ ಮತ್ತು ಕೊನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದರೆ ನಡುವೆ ಏಳನೇ ಫ್ರೆಟ್ ಹತ್ತಿರ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ 0.3 ಮಿ.ಮೀ. ಸಂದು ಇರಬೇಕು. ಟ್ರಸ್ ರಾಡ್ ಕಾಲು ಸುತ್ತು ತಿರುಗಿಸಿ, ಬಿಟ್ಟು, ಮರುದಿನ ಮತ್ತೆ ನೋಡುವುದು. ಮರಕ್ಕೆ ಹೇಳಿದ್ದು ಕೇಳಲು ಒಂದು ರಾತ್ರಿ ಬೇಕು. 12ನೇ ಫ್ರೆಟ್ ಮೇಲೆ ದಪ್ಪ ತಂತಿಗೆ 2.5, ತೆಳು ತಂತಿಗೆ 2 ಮಿ.ಮೀ. ಎತ್ತರ ಇಟ್ಟೆವು. ಗೆಳೆಯ ಇನ್ನೂ ಇಳಿಸು ಅಂದ. ಇಳಿಸಿದರೆ ಜೋರಾಗಿ ಮೀಟಿದಾಗ ಫ್ರೆಟ್‌ಗೆ ಬಡಿಯಿತು. ಅವನೇ ಮತ್ತೆ ಏರಿಸಿಕೊಂಡ.

ಪ್ಲಗ್ ಹಾಕಿ ಖಾಲಿ ಇ ತಂತಿ ಮೀಟಿದ. 41 ಹರ್ಟ್ಜ್. ಗಿಟಾರ್‌ನ ಅತಿ ದಪ್ಪ ತಂತಿಗಿಂತ ಒಂದು ಸ್ಥಾಯಿ ಕೆಳಗೆ. ಶೆಲ್ಫಿನ ಮೇಲಿದ್ದ ಮೊಳೆ ಡಬ್ಬಗಳೆಲ್ಲ ಗಲಗಲ ಅಂದವು. ಆಚಾರ್ರು ಎದ್ದು ಹೋಗಿ ಒಂದೊಂದೇ ಡಬ್ಬ ಹಿಡಿದು ಯಾವುದು ಸದ್ದು ಮಾಡುತ್ತಿದೆ ಅಂತ ನೋಡಿದರು.

ಅಲ್ಲಿಂದ ನಮ್ಮ ಹಳೇ ವಾದ ಶುರು. ಎಲೆಕ್ಟ್ರಿಕ್ ವಾದ್ಯದಲ್ಲಿ ಮರ ಬದಲಾದರೆ ಧ್ವನಿ ಬದಲಾಗುತ್ತಾ? ಆಚಾರ್ರ ಪ್ರಕಾರ ಆಗಲೇಬೇಕು, ಮರ ಅಂದಮೇಲೆ ಗುಣ ಇರುತ್ತೆ. ಮೇಡಂ ಪ್ರಕಾರ ಪಿಕಪ್ ಕೇಳುವುದು ಲೋಹದ ತಂತಿಯನ್ನು, ಮರವನ್ನಲ್ಲ. ಗೆಳೆಯ ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್‌ನನ್ನು ಎಳೆದು ತಂದ. 1962ರ ಪ್ರಿಸಿಷನ್ ಬೇಸ್, ಅದರಲ್ಲಿ ಹಳೇ ನುಣುಪು ಸುತ್ತಿನ ತಂತಿ, ಬಲಗೈಯ ಒಂದೇ ತೋರುಬೆರಳು. "ಆ ಧ್ವನಿ ಬೆರಳಲ್ಲಿದೆ, ಮರದಲ್ಲಲ್ಲ" ಅಂದ. ನನ್ನ ಅಭಿಪ್ರಾಯ ನಡುವಿನದು. ತಂತಿ ಹೊಸದಾ ಹಳೆಯದಾ, ಪಿಕಪ್ ಎಲ್ಲಿದೆ, ಬೆರಳು ಎಲ್ಲಿ ಮೀಟುತ್ತದೆ, ಇವುಗಳ ಮುಂದೆ ಬಾಡಿಯ ಮರ ಸಣ್ಣ ವಿಷಯ. ಭಾರಕ್ಕೆ, ನೋಟಕ್ಕೆ, ಕೆಲಸದ ಸುಖಕ್ಕೆ ಮರ ಆರಿಸಿ. ಆದರೆ ನೆಕ್‌ನ ಮರ ಸುಮ್ಮನೆ ಕೂರುವುದಿಲ್ಲ.

ಅದಕ್ಕೆ ಸಾಕ್ಷಿ ಅವತ್ತೇ ಸಿಕ್ಕಿತು. ಜಿ ತಂತಿಯ ಆರನೇ ಫ್ರೆಟ್‌ನಲ್ಲಿ ಸ್ವರ ಬೇಗ ಸಾಯುತ್ತಿತ್ತು. ಅಕ್ಕಪಕ್ಕದವು ಧಾರಾಳವಾಗಿ ನಿಲ್ಲುತ್ತಿದ್ದವು, ಇದೊಂದು ಮಾತ್ರ ಟಪ್ ಅಂತ ಉಡುಗುತ್ತಿತ್ತು. ಈ ಜಾತಿಯ ಬೇಸ್‌ಗಳಲ್ಲಿ ಐದರಿಂದ ಏಳನೇ ಫ್ರೆಟ್ ನಡುವೆ ಇದು ಸಾಮಾನ್ಯ. ಉದ್ದ ನೆಕ್‌ಗೂ ತನ್ನದೇ ಒಂದು ಕಂಪನ ಇರುತ್ತದೆ. ತಂತಿಯ ಸ್ವರ ಅದಕ್ಕೆ ಹೊಂದಿದಾಗ ನೆಕ್ ತಾನೇ ಅಲುಗಿ ತಂತಿಯ ಶಕ್ತಿಯನ್ನು ನುಂಗಿಬಿಡುತ್ತದೆ. ಪರೀಕ್ಷೆಗೆ ಅಂತ ಒಂದು ಸಣ್ಣ ಸಿ-ಕ್ಲಾಂಪನ್ನು ಬಟ್ಟೆ ಸುತ್ತಿ ಹೆಡ್‌ಸ್ಟಾಕ್‌ಗೆ (ನೆಕ್‌ನ ತುದಿಯ ತಲೆಗೆ) ಬಿಗಿದೆ. ತೂಕ ಹೆಚ್ಚಾಗಿ ನೆಕ್‌ನ ಕಂಪನ ನಿಧಾನವಾಯಿತು. ಸತ್ತ ಜಾಗ ಒಂದು ಫ್ರೆಟ್ ಕೆಳಗೆ ಸರಿಯಿತು, ಆರನೆಯದು ಜೀವಂತ. ಮೇಡಂಗೆ ಇದು ಬಹಳ ಇಷ್ಟವಾಗಿ ದೊಡ್ಡ ಕ್ಲಾಂಪ್, ಸಣ್ಣ ಕ್ಲಾಂಪ್ ಎಲ್ಲ ಹಾಕಿ ನೋಡಿದರು. ಗೆಳೆಯ ಕೊನೆಗೆ ಎಲ್ಲ ಬಿಚ್ಚಿಸಿದ. "ಆ ಸ್ವರ ಡಿ ತಂತಿಯಲ್ಲೂ ಸಿಗುತ್ತೆ, ಅಲ್ಲಿ ನುಡಿಸ್ತೀನಿ ಬಿಡು" ಅಂದ.

ದುಡ್ಡು ಉಳಿಸಲು ಅಂತ ಈ ಕೆಲಸಕ್ಕೆ ಕೈಹಾಕಬೇಡಿ. ಬಿಡಿಭಾಗ, ಮೇಪಲ್, ಫ್ರೆಟ್ ಅರಗಳ ಖರ್ಚಿನಲ್ಲಿ ಅಂಗಡಿಯಲ್ಲಿ ಒಂದು ಒಳ್ಳೇ ಬೇಸ್ ಬರುತ್ತದೆ. ಎರಡನೆಯದಕ್ಕೆ ಖರ್ಚು ಕಡಿಮೆ, ಯಾಕೆಂದರೆ ಅರಗಳು, ಟೆಂಪ್ಲೇಟ್‌ಗಳು ಶೆಡ್‌ನಲ್ಲೇ ಉಳಿದಿರುತ್ತವೆ.

ಬೇಸ್ ಈ ಸಲದ ಗಣೇಶನ ಸೀಸನ್ ಮುಗಿಸಿ ಬಂತು. ಗೆಳೆಯನ ದೂರುಗಳು ಎರಡೇ. ಮಳೆಯಲ್ಲಿ ನೆಕ್ ತುಸು ಬಾಗಿತು, ರಾಡ್ ತಿರುಗಿಸಲು ಕೀ ಮರೆತು ಹೋಗಿದ್ದ. ಮತ್ತೆ ಕೆಂಪು ಗುಂಡಿ ವಾಲ್ಯೂಮಾ, ಹಳದಿಯದಾ ಅಂತ ಕತ್ತಲಲ್ಲಿ ಗೊಂದಲ. ಲೇತ್ ಹುಡುಗ ಒಂದಕ್ಕೆ ಗೀರು ಹಾಕಿಕೊಟ್ಟಿದ್ದಾನೆ. ತೊಟ್ಟಿಲಿನವನಿಗೆ ಈಗ ಐದು ತಂತಿಯ ಬೇಸ್ ಮಾಡುವ ಹುಚ್ಚು ಹಿಡಿದಿದೆ. ಗೋಡೆಯ ಮೇಲಿನ 34 ಇಂಚಿನ ಪಟ್ಟಿ ಅವನಿಗೂ ಹೊಂದುತ್ತದೆ, ನೆಕ್ ಟೆಂಪ್ಲೇಟ್ ಮಾತ್ರ ಅಗಲ ಮಾಡಬೇಕು. ಸರದಿ ಪುಸ್ತಕದಲ್ಲಿ ಮುಂದಿನ ಎರಡು ಶನಿವಾರ ಕ್ಲಾಂಪ್‌ಗಳೆಲ್ಲ ಅವನ ಹೆಸರಿಗಿವೆ. ನನ್ನ ಚಪ್ಪಲಿ ಸ್ಟ್ಯಾಂಡ್ ಮೂರನೇ ವಾರಕ್ಕೆ.